ತುರಿಮಣೆ ಹುಂಜವಾಗುವ ಮುನ್ನ

60 ದಾಟಿದವರಿಗೆ ನಾನು ನಡೆಸುವ ಗುಜರಿ ಕಲೆಯ, ಅಂದರೆ ಹಳೆ ಸಾಮಾನು ಜೋಡಿಸಿ ಶಿಲ್ಪ ಮಾಡುವ ತರಗತಿಯಲ್ಲಿ ಮೊದಲ ಮುಕ್ಕಾಲು ಗಂಟೆ ಅಂಟಿನ ಡಬ್ಬಿ ತೆರೆಯುವುದೇ ಇಲ್ಲ. ಎಂಟು ಜನ, ತಲಾ ಐದು ವಸ್ತು, ಎರಡೂವರೆ ಗಂಟೆ. ಚೀಲ ತುಂಬ ತಂದವರಿಗೆ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ. ಪಿಕಾಸೊ 1942ರಲ್ಲಿ ಗೂಳಿಯ ತಲೆ ಮಾಡಿದ್ದು ಒಂದು ಸೈಕಲ್ ಸೀಟು, ಒಂದು ಹ್ಯಾಂಡಲ್, ಇವೆರಡರಿಂದಲೇ.

ತುರಿಮಣೆಯನ್ನೇ ತೆಗೆದುಕೊಳ್ಳಿ. ಮಣೆಯಿಂದೆದ್ದು ಬಾಗಿದ ಕಬ್ಬಿಣದ ಕತ್ತು, ತುದಿಯಲ್ಲಿ ಹಲ್ಲುಹಲ್ಲಾದ ಬಿಲ್ಲೆ: ಹುಂಜದ ಜುಟ್ಟು ಅಲ್ಲೇ ಇದೆ. ಹಿಡಿ ಕಳಚಿದ ಮೂರು ಕುಡುಗೋಲು ಬಾಲಕ್ಕಾಯಿತು. ಮೊದಲು ಎಲ್ಲವನ್ನೂ ಜೇಡಿಮಣ್ಣಿನ ಉಂಡೆಗಳಲ್ಲಿ ಸಿಕ್ಕಿಸಿ ನಿಲ್ಲಿಸಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಬಣ್ಣ ಹೋದ ಕೂಡಲೇ ಬಾಲ ಉದ್ದವಾಯಿತೋ ಕತ್ತು ಗಿಡ್ಡವೋ ತಿಳಿಯುತ್ತದೆ. ಬಾಲದ ಭಾರಕ್ಕೆ ಹಕ್ಕಿ ಹಿಂದಕ್ಕೆ ವಾಲಿದರೆ ಮಣೆಯ ಮುಂತುದಿಯ ಕೆಳಗೆ ಚಪ್ಪಟೆ ಕಬ್ಬಿಣದ ತುಂಡು ತಿರುಪು ಹಾಕಿ ಕೂಡಿಸಿ. ಕುಡುಗೋಲಿನ ಬಾಯನ್ನು ಅರದಿಂದ ಮೊಂಡು ಮಾಡುವುದು ಇದಕ್ಕೂ ಮೊದಲಿನ ಕೆಲಸ.

ತುಕ್ಕಿಗೆ ಬಿಳಿ ವಿನೆಗರ್, ಒಂದು ರಾತ್ರಿ. ಎರಡು ಮೂರು ದಿನ ಮರೆತರೆ ಅದು ಕಬ್ಬಿಣವನ್ನೇ ತಿನ್ನುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆದು, ಕೂಡಲೇ ಒರೆಸಿ ಬಿಸಿಲಿಗಿಡಿ. ಒದ್ದೆ ಬಿಟ್ಟರೆ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ. ಪೂರ್ತಿ ಹೊಳೆಯಬೇಕೆಂದೇನಿಲ್ಲ, ಅಂಟು ಬೀಳುವ ಜಾಗವನ್ನಷ್ಟೇ 80 ನಂಬರಿನ ಉಜ್ಜುಕಾಗದದಿಂದ ಬೆಳ್ಳಗಾಗಿಸಿ. ಉಳಿದ ಕಂದು ಬಣ್ಣ ಆ ವಸ್ತು ದುಡಿದ ಗುರುತು. ಚಿನ್ನದ ಬಣ್ಣ ಸ್ಪ್ರೇ ಮಾಡುವವರನ್ನು ನಾನು ತಡೆಯುತ್ತೇನೆ. ಅದಾದ ಮೇಲೆ ಅದು ಯಾವ ಮನೆಯ ತುರಿಮಣೆಯೂ ಅಲ್ಲ.

ಬಿಳಿ ಫೆವಿಕಾಲ್ ಒಣಗುವುದು ನೀರು ಮರಕ್ಕೆ ಇಂಗಿದಾಗ. ಎರಡು ಕಬ್ಬಿಣಗಳ ನಡುವೆ ಆ ನೀರಿಗೆ ದಾರಿಯಿಲ್ಲ, ಹಾಗಾಗಿ ಜೋಡಣೆ ಕಳಚುತ್ತದೆ. ಕಬ್ಬಿಣಕ್ಕೆ ಬೇಕಾದ್ದು ಎರಡು ಟ್ಯೂಬಿನಲ್ಲಿ ಬರುವ ಅಂಟು, ಅರಾಲ್ಡೈಟ್. ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ, ಒಂದೇ ಬಣ್ಣ ಬರುವ ತನಕ ಕಲಸಿ. ಅಳತೆ ತಪ್ಪಿದರೆ ಎಷ್ಟು ದಿನವಾದರೂ ಜಿಗುಟು ಹೋಗದು. ಬೈಂಡಿಂಗ್ ತಂತಿಯಿಂದ ಬಿಗಿದು ರಾತ್ರಿಯಿಡೀ ಅಲುಗಾಡಿಸಬೇಡಿ.

ಪ್ರತಿ ಶಿಲ್ಪದ ಜೊತೆ ಆ ವಸ್ತುವಿನ ನೆನಪು ಬರೆದ ಒಂದು ಕಾರ್ಡು ಇರುತ್ತದೆ. ಆ ಬರವಣಿಗೆ ಅಂಟು ಹಾಕುವ ಮೊದಲೇ ಆಗಬೇಕು. ಇದು ಕಲಿಸುತ್ತ ಕಲಿಸುತ್ತ ನನಗೆ ಗೊತ್ತಾದದ್ದು. ಹುಂಜ ಎದ್ದು ನಿಂತ ಮೇಲೆ ಎಲ್ಲರೂ ಹುಂಜದ ಬಗ್ಗೆಯೇ ಬರೆಯುತ್ತಾರೆ, ತುರಿಮಣೆ ಮರೆತುಹೋಗುತ್ತದೆ. ಅಂಚೆ ಕಾರ್ಡಿನಷ್ಟು ಜಾಗ, 60 ಪದ: ನಿಮ್ಮ ಮನೆಯಲ್ಲಿ ಇದಕ್ಕೇನೆನ್ನುತ್ತಿದ್ದರು, ಯಾರು ಕೂರುತ್ತಿದ್ದರು, ಎಲ್ಲಿ ಸವೆದಿದೆ. ಒಬ್ಬರಿಗೆ ಅದು ತುರಿಮಣೆ, ಇನ್ನೊಬ್ಬರಿಗೆ ಹೆರೆಮಣೆ. ಎರಡನ್ನೂ ಹಾಗೇ ಉಳಿಸಿ.

ಪೆನ್ನು ಹಿಡಿದ ಕೂಡಲೇ ಹಿರಿಯರ ಭಾಷೆ ಗ್ರಾಂಥಿಕವಾಗುತ್ತದೆ. 'ಕಾಯಿ ತುರೀವಾಗ ಬೆರಳು ಕುಯ್ಕೊಂಡ್ರೆ ಅರಿಶಿನ ಒತ್ತೋರು' ಎಂದು ಬಾಯಲ್ಲಿ ಹೇಳಿದವರು ಕಾಗದದ ಮೇಲೆ 'ಇದು ನಮ್ಮ ಸಂಸ್ಕೃತಿಯ ಅಮೂಲ್ಯ ಪ್ರತೀಕ' ಎನ್ನುತ್ತಾರೆ. ಅದಕ್ಕೇ ಪಕ್ಕದವರಿಗೆ ವಸ್ತುವಿನ ಕೆಲಸ ಕಲಿಸಿಕೊಡಲು ಹೇಳಿ, ಆ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕೇಳಿಕೊಂಡು ಬರೆಯಿಸುತ್ತೇನೆ. ಮೂರು ನಿಮಿಷದ ಮಾತು ಒಂದು ಕಾರ್ಡಿಗೆ ಧಾರಾಳ. ಆಮೇಲೆ 'ಸುಂದರ', 'ಅಪರೂಪದ', 'ಅಮೂಲ್ಯ' ಇದ್ದರೆ ಹೊಡೆದುಹಾಕುವುದು. ವಸ್ತುವಿನ ಬಳಕೆ ನೆನಪಾಗದವರಿಗೆ ರಾಮನಗರದ ಬಳಿ ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ ಸಂಗ್ರಹಾಲಯ, ಜಾನಪದ ಲೋಕ ನೋಡಿ ಬರಲು ಹೇಳುತ್ತೇನೆ. ಅಲ್ಲಿನ ಮನೆಬಳಕೆ, ಬೇಸಾಯದ ಸಾಮಾನುಗಳ ಮುಂದೆ ನಿಂತರೆ ಮಾತು ತಾನಾಗಿ ಬರುತ್ತದೆ.

ಕಾರ್ಡನ್ನು ಪೆನ್ಸಿಲಿನಲ್ಲೇ ಬರೆಯಿರಿ, ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ. ಹುಂಜದ ಕಾಲಿಗೆ ದಾರದಲ್ಲಿ ಕಟ್ಟಿ, ಅಂಟಿಸಬೇಡಿ. ಮುಂದೆ ಇನ್ನೊಂದು ಸಂಗತಿ ನೆನಪಾದರೆ ಬಿಚ್ಚಿ ಹಿಂಬದಿಯಲ್ಲಿ ಬರೆಯಬೇಕಲ್ಲ.