ಜ್ವರ ಅಂತ ಬಂದ್ರೆ ಮೊದಲು ಮೈ ನೋಡಿ – ಸ್ಕ್ರಬ್ ಟೈಫಸ್, ನನ್ನ ಅನುಭವ

ಮಲೆನಾಡಿನ ಒಂದು ತಾಲೂಕು ಆಸ್ಪತ್ರೇಲಿ ಡಾಕ್ಟರ್ ನಾನು. ಮಳೆ ಕಮ್ಮಿ ಆಗಿ ಹುಲ್ಲು ಎದೆಮಟ್ಟ ಬೆಳೆಯೋ ಹೊತ್ತಿಗೆ ಒಂಥರಾ ಜ್ವರದ ಕೇಸು ಶುರುವಾಗತ್ತೆ, ಚಳಿ, ತಡೆಯಕ್ಕಾಗದ ತಲೆನೋವು, ಮೈಕೈ ನೋವು, ಒಣ ಕೆಮ್ಮು, ಪ್ಲೇಟ್‌ಲೆಟ್ ಇಳಿದಿರತ್ತೆ, ಮನೆಯವ್ರು ಡೆಂಗ್ಯೂನೇ ಅಂತ ಬಂದಿರ್ತಾರೆ, ಟೆಸ್ಟ್ ಮಾಡಿದ್ರೆ ನೆಗೆಟಿವ್. ಆಗ ನಾನು ಪರದೆ ಎಳೆದು, ಸಿಸ್ಟರ್‌ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ಪೂರ್ತಿ ಮೈ ನೋಡ್ತೀನಿ.

ಬೆಟ್ಟದಿಂದ ಸೊಪ್ಪು ತರೋ ಒಬ್ರು ಅಮ್ಮ ಬಂದಿದ್ರು, ವಾರದಿಂದ ಜ್ವರ, ಬೇರೆ ಕಡೆ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿದ್ರೂ ಇಳಿದಿರ್ಲಿಲ್ಲ. "ಎಲ್ಲಾದ್ರೂ ಗಾಯ ಆಗಿದ್ಯಾಮ್ಮಾ?" ಅಂದ್ರೆ "ಇಲ್ಲ ಡಾಕ್ಟ್ರೇ". ಲಂಗದ ಲಾಡಿ ಸಡಿಲ ಮಾಡಿಸಿ ನೋಡಿದ್ರೆ ಸೊಂಟದಲ್ಲಿ ಬೀಡಿ ತುದಿ ತಾಗಿಸಿದ ಹಾಗೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಸ್ಕ್ರಬ್ ಟೈಫಸ್ ತರೋ ಹುಳ ಕಚ್ಚಿದ ಗುರುತು ಅದು. ನೋವೂ ಇಲ್ಲ, ತುರಿಕೆನೂ ಇಲ್ಲ, ಅವ್ರಿಗೆ ಹೇಗೆ ಗೊತ್ತಾಗ್ಬೇಕು ಪಾಪ. ಕಂಕುಳು, ತೊಡೆಸಂದಿ, ಎದೆ ಕೆಳಗೆ, ಕಿವಿ ಹಿಂದೆ ಎಲ್ಲಾ ಹುಡುಕ್ಬೇಕು. ಎಲ್ರಲ್ಲೂ ಸಿಗಲ್ಲ, ಸಿಕ್ಕಿಲ್ಲ ಅಂತ ಕಾಯಿಲೆ ಇಲ್ಲ ಅನ್ನೋಕೂ ಆಗಲ್ಲ.

ಕಚ್ಚೋದು ಪೊದೆ, ಹುಲ್ಲಲ್ಲಿರೋ ನುಸಿಯ ಮರಿ, ಕಣ್ಣಿಗೆ ಕಾಣೋದೇ ಕಷ್ಟ. ಮಂಗನ ಕಾಯಿಲೆ ತರೋ ಉಣ್ಣೆ ಬೇರೆ, ಇದು ಬೇರೆ, ಅದು ವೈರಸ್ಸು, ಇದು ಓರಿಯೆಂಶಿಯಾ ಸುಟ್ಸುಗಮುಶಿ ಅನ್ನೋ ಬ್ಯಾಕ್ಟೀರಿಯಾ. ಕಚ್ಚಿ ಸುಮಾರು 10 ದಿನಕ್ಕೆ ಜ್ವರ ಬರತ್ತೆ. ಇದು ಜೀವಕೋಶದ ಒಳಗೇ ಸೇರ್ಕೊಂಡು ಬೆಳೆಯೋ ಬ್ಯಾಕ್ಟೀರಿಯಾ, ಅದಕ್ಕೇ ಮಾಮೂಲಿ ಇಂಜೆಕ್ಷನ್‌ಗೆ ಬಗ್ಗಲ್ಲ. ಎರಡನೇ ವಾರಕ್ಕೆ ಕಾಲಿಟ್ರೆ ನಂಗೆ ನಿಜಕ್ಕೂ ಭಯ, ಉಸಿರಾಟದ ತೊಂದ್ರೆ, ಕಿಡ್ನಿ ಕೈಕೊಡೋದು, ಮೆದುಳಿಗೆ ಹತ್ತಿ ಮಂಕಾಗೋದು ಎಲ್ಲಾ ಆಗ ಶುರುವಾಗೋದು.

ಐಜಿಎಂ ಎಲೈಸಾ ಅನ್ನೋ ರಕ್ತ ಪರೀಕ್ಷೆಗೆ ಸ್ಯಾಂಪಲ್ ಕಳಿಸ್ತೀನಿ, ಆದ್ರೆ ಮೊದಲ ದಿನಗಳಲ್ಲಿ ಅದು ನೆಗೆಟಿವ್ ಬರಬಹುದು, ರಿಪೋರ್ಟ್‌ಗೆ ಕಾಯೋದಿಲ್ಲ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಶುರು ಮಾಡ್ತೀನಿ, 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 7 ದಿನ. ಬಸುರಿ ಆದ್ರೆ ಅಜಿತ್ರೊಮೈಸಿನ್. ಆ ಅಮ್ಮಂಗೂ ಅವತ್ತೇ ಶುರು ಮಾಡಿದ್ವಿ, ಎರಡು ದಿನದೊಳಗೆ ಜ್ವರ ಇಳೀತು. ಹೀಗೆ ಬೇಗ ಇಳಿಯತ್ತೆ ಅಂತಾನೇ ಜನ ಮಾತ್ರೆ ಅರ್ಧಕ್ಕೇ ನಿಲ್ಲಿಸ್ಬಿಡ್ತಾರೆ, ಅದಕ್ಕೆ ಮನೆಯವರನ್ನ ಕೂರಿಸ್ಕೊಂಡು ಹೇಳ್ತೀನಿ, ಪೂರ್ತಿ ಮುಗಿಸ್ಬೇಕು, ಊಟ ಆದ್ಮೇಲೆ ದೊಡ್ಡ ಲೋಟ ನೀರಲ್ಲಿ ನುಂಗ್ಬೇಕು, ನುಂಗಿದ ತಕ್ಷಣ ಮಲಗಬಾರ್ದು, ಮಲಗಿದ್ರೆ ಅನ್ನನಾಳ ಸುಡತ್ತೆ ಅಂತ.