ಬಿಸ್ಕತ್ ಡಬ್ಬದ ಕ್ಯಾಮೆರಾಕ್ಕೆ ಎಷ್ಟು ಹೊತ್ತು ಬೆಳಕು?

ಪಿನ್‌ಹೋಲ್ ಕ್ಯಾಮೆರಾ, ಅಂದರೆ ಲೆನ್ಸಿನ ಬದಲು ಸೂಜಿತೂತಿನಿಂದ ಚಿತ್ರ ಮೂಡಿಸುವ ಕತ್ತಲೆ ಡಬ್ಬ, ಮಾಡಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ತಲೆ ತಿನ್ನುವುದು ಅದಕ್ಕೆ ಎಷ್ಟು ಹೊತ್ತು ಬೆಳಕು ಕೊಡಬೇಕು ಎಂಬ ಪ್ರಶ್ನೆ. ಒಬ್ಬರನ್ನು ಕೇಳಿದರೆ ಇಪ್ಪತ್ತು ಸೆಕೆಂಡು ಸಾಕು ಎನ್ನುತ್ತಾರೆ, ಇನ್ನೊಬ್ಬರು ಮೂರು ನಿಮಿಷ ಎನ್ನುತ್ತಾರೆ. ಇಬ್ಬರ ಮಾತೂ ನಿಜವೇ ಇರಬಹುದು. ಅವರವರ ಡಬ್ಬದ ಆಳ ಬೇರೆ, ತೂತಿನ ಅಗಲ ಬೇರೆ. ಹಾಗಾಗಿ ಇನ್ನೊಬ್ಬರ ಸೆಕೆಂಡುಗಳನ್ನು ಎರವಲು ತರುವುದರಲ್ಲಿ ಅರ್ಥವಿಲ್ಲ. ನಮ್ಮ ಡಬ್ಬವನ್ನು ನಾವೇ ಅಳೆಯಬೇಕು.

ನನ್ನದು ಚೌಕಾಕಾರದ ತಗಡಿನ ಬಿಸ್ಕತ್ ಡಬ್ಬ. ತೂತಿನಿಂದ ಹಿಂಬದಿಯ ಗೋಡೆಗೆ 100 ಮಿಲಿಮೀಟರ್. ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ತಗಡಿಗೆ ಸೂಜಿಯ ಮೊನೆ ಒತ್ತಿ, ಹಿಂದೆ ಎದ್ದ ಗುಬುಟನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಮತ್ತೆ ಒತ್ತಿ, ಮತ್ತೆ ಉಜ್ಜಿ ತೂತು ಮಾಡಿದ್ದೇನೆ. ಸೂಜಿಯ ನಂಬರ್ ನೋಡಿ ತೂತಿನ ಅಳತೆ ಹೇಳುವವರನ್ನು ನಾನು ನಂಬುವುದಿಲ್ಲ. ಮೊನೆ ಎಷ್ಟು ಆಳಕ್ಕೆ ಇಳಿಯಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಅದರ ಬದಲು ತಗಡನ್ನು ಮನೆಯ ಸ್ಕ್ಯಾನರ್ ಮೇಲಿಟ್ಟು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಪರದೆಯಲ್ಲಿ ದೊಡ್ಡದು ಮಾಡಿ ಎಣಿಸಿದರೆ ತೂತಿನ ಅಡ್ಡಗಲ 42 ಪಿಕ್ಸೆಲ್. ಒಂದು ಅಂಗುಲಕ್ಕೆ 25.4 ಮಿಲಿಮೀಟರ್, ಅದರಲ್ಲಿ 2400 ಪಿಕ್ಸೆಲ್. ಅಂದರೆ ತೂತು 0.44 ಮಿಲಿಮೀಟರ್‌ಗಿಂತ ಕೂದಲೆಳೆಯಷ್ಟು ಹೆಚ್ಚು. 100 ಮಿಲಿಮೀಟರ್ ದೂರಕ್ಕೆ ಅತ್ಯಂತ ಸ್ಫುಟವಾದ ಚಿತ್ರ ಕೊಡುವ ತೂತು ಭೌತವಿಜ್ಞಾನಿ ರೇಲಿಯ ಸೂತ್ರದ ಪ್ರಕಾರ ಸುಮಾರು 0.45 ಮಿಲಿಮೀಟರ್. ಅಷ್ಟು ಹತ್ತಿರ ಬಂದ ಮೇಲೆ ಮತ್ತೆ ಎಮರಿ ಕಾಗದ ಮುಟ್ಟಲಿಲ್ಲ.

ಈ ಅಳತೆಯಲ್ಲಿ ಜಿಪುಣತನ ಒಳ್ಳೆಯದು. ಒಳಬರುವ ಬೆಳಕು ತೂತಿನ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ತೂತು 0.45ರ ಬದಲು 0.6 ಆಗಿದ್ದರೆ ಬೆಳಕು ಹೆಚ್ಚುಕಡಿಮೆ ದುಪ್ಪಟ್ಟು.

ದೂರವನ್ನು ವ್ಯಾಸದಿಂದ ಭಾಗಿಸಿದರೆ ಎಫ್-ಸಂಖ್ಯೆ ಸಿಗುತ್ತದೆ. ನನ್ನ ಡಬ್ಬದ್ದು ಎಫ್/225. ಹಳೆಯ ಛಾಯಾಗ್ರಾಹಕರಿಗೆಲ್ಲ ಗೊತ್ತಿರುವ ಬಿಸಿಲಿನ ನಿಯಮ ಒಂದಿದೆ: ಸ್ವಚ್ಛ ಬಿಸಿಲಿನಲ್ಲಿ ಎಫ್/16 ಇಟ್ಟರೆ, ಒಂದು ಸೆಕೆಂಡನ್ನು ಐಎಸ್‌ಒ ಸಂಖ್ಯೆಯಿಂದ (ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಳತೆ, ಅದರ ‘ವೇಗ’) ಭಾಗಿಸಿದಷ್ಟು ಹೊತ್ತು ಬೆಳಕು ಕೊಡಬೇಕು. ನಾನು ಫಿಲ್ಮ್ ಬದಲು ಫೋಟೊ ಮುದ್ರಿಸುವ ಕಾಗದವನ್ನೇ ಡಬ್ಬದೊಳಗೆ ಹಾಕುತ್ತೇನೆ, ಅದರ ವೇಗ ಸುಮಾರು ಐಎಸ್‌ಒ 6. ಆಗ ಎಫ್/16ರಲ್ಲಿ ಒಂದು ಸೆಕೆಂಡಿನ ಆರನೇ ಒಂದು ಭಾಗ. 225ನ್ನು 16ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 198. ಅದನ್ನು ಆರರಿಂದ ಭಾಗಿಸಿ: 33 ಸೆಕೆಂಡು. ಇದೇ ನನ್ನ ಡಬ್ಬದ ಮೂಲ ಸಂಖ್ಯೆ, ಉಳಿದದ್ದೆಲ್ಲ ಇದರ ದುಪ್ಪಟ್ಟು, ನಾಲ್ಕುಪಟ್ಟು. 33ಕ್ಕೂ 40ಕ್ಕೂ ಕಾಗದಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. 33ಕ್ಕೂ 66ಕ್ಕೂ ಗೊತ್ತಾಗುತ್ತದೆ.

ಕಾಗದದ ಈ ಆರು ಎಂಬ ವೇಗ ಪೊಟ್ಟಣದ ಮೇಲೆ ಅಚ್ಚಾಗಿರುವುದಿಲ್ಲ. ಪೊಟ್ಟಣ ಹೊಸದಾಗಿ ಒಡೆದಾಗ ನಡುಮಧ್ಯಾಹ್ನ ಬಿಸಿಲಿಗೆ ಮುಖ ಮಾಡಿದ ಗೋಡೆಯೊಂದನ್ನು 15, 30, 60, 120 ಸೆಕೆಂಡು ತೆಗೆದು, ಒಂದೇ ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ರಾಸಾಯನಿಕ) ಎರಡೆರಡು ನಿಮಿಷ ತೊಳೆದು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಇಲ್ಲಿ ನಮ್ಮ ಊರಿನ ತಾಪತ್ರಯವೊಂದಿದೆ. ನಾನಿರುವುದು ಹೊಸಪೇಟೆಯಲ್ಲಿ, ಬೇಸಿಗೆಯಲ್ಲಿ ನಲ್ಲಿ ನೀರೇ ಬೆಚ್ಚಗೆ ಬರುತ್ತದೆ. ಡೆವಲಪರ್ ಬಿಸಿಯಾದರೆ ಕಾಗದ ಬೇಗ ಕಪ್ಪಾಗಿ, ಬೆಳಕು ಹೆಚ್ಚಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಕಟ್ಟಿ ಟ್ರೇಯಲ್ಲಿ ಮುಳುಗಿಸಿ 20 ಡಿಗ್ರಿಗೆ ಇಳಿಸಿದ ಮೇಲೆಯೇ ಪರೀಕ್ಷೆ.

ಇನ್ನು ಬೆಳಕು. ಮೊಬೈಲಿನ ಲೈಟ್ ಮೀಟರ್ ಬಳಸಬಹುದು, ಆದರೆ ಹಗಲಿನಲ್ಲಿ ನನಗೆ ನೆರಳೇ ಸಾಕು. ಅಂಚು ಖಚಿತವಾಗಿ ಕಾಣುವ ಕಪ್ಪು ನೆರಳಿದ್ದರೆ ಅರ್ಧ ನಿಮಿಷ. ತೆಳು ಮೋಡಕ್ಕೆ ಅಂಚು ಮಸುಕಾದರೆ ಒಂದು ನಿಮಿಷ. ನೆರಳೇ ಇಲ್ಲದಿದ್ದರೆ ಎರಡು, ದಟ್ಟ ಮೋಡ ಕವಿದರೆ ನಾಲ್ಕು. ನನ್ನ ನೆರಳು ನನಗಿಂತ ಗಿಡ್ಡವಾಗಿರುವ ತನಕ ಈ ಲೆಕ್ಕ ನಡೆಯುತ್ತದೆ, ನಮ್ಮ ಕಡೆ ಡಿಸೆಂಬರ್‌ನ ನಡುಹಗಲೂ ಅದರೊಳಗೇ ಬರುತ್ತದೆ. ನೆರಳು ನನ್ನ ಎತ್ತರದ ಎರಡರಷ್ಟು ಉದ್ದವಾದರೆ ಎಲ್ಲವನ್ನೂ ದುಪ್ಪಟ್ಟು ಮಾಡುತ್ತೇನೆ.

ಸಂಜೆ ಇನ್ನೊಂದು ಆಟ ಶುರುವಾಗುತ್ತದೆ. ಫೋಟೊ ಕಾಗದಕ್ಕೆ ಕೆಂಪು ಕಾಣುವುದೇ ಇಲ್ಲ. ಅದಕ್ಕೇ ಅಲ್ಲವೇ ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಹಚ್ಚಿ ಕೂರುವುದು. ಹಂಪಿಯ ಹೇಮಕೂಟ ಬೆಟ್ಟದ ಬಂಡೆಗಳು ಸಂಜೆಬಿಸಿಲಿಗೆ ಹೊನ್ನಿನಂತೆ ಹೊಳೆಯುವಾಗ ಮೀಟರು ಧಾರಾಳವಾಗಿ ಬೆಳಕಿದೆ ಎನ್ನುತ್ತದೆ, ಕಾಗದದ ಪಾಲಿಗೆ ಅದರಲ್ಲಿ ಬಹುಪಾಲು ಕತ್ತಲೆ. ಆ ಹೊತ್ತಿನಲ್ಲಿ ಮೀಟರು ಹೇಳಿದ್ದಕ್ಕೆ ಎರಡರಿಂದ ನಾಲ್ಕು ಪಟ್ಟು ಕೊಡುತ್ತೇನೆ. ತೆರೆದ ನೆರಳಿನಲ್ಲಿ, ಅಂದರೆ ನೇರ ಬಿಸಿಲು ಬೀಳದ ಆದರೆ ಮೇಲೆ ಆಕಾಶ ಕಾಣುವ ಜಾಗದಲ್ಲಿ, ಇದಕ್ಕೆ ತಿರುಗುಮುರುಗು: ಅಲ್ಲಿ ಬೀಳುವುದು ನೀಲಿ ಆಕಾಶದ ಬೆಳಕು, ಕಾಗದಕ್ಕೆ ಪ್ರಿಯವಾದದ್ದು. ಹಾಗಾಗಿ ಮೂರು ನಿಮಿಷ ಸಾಕು.

ನೀಲಿಗೆ ಸೋಲುವ ಈ ಗುಣದಿಂದಲೇ ಹಂಪಿಯ ಆಕಾಶ ಡಬ್ಬದ ಕಾಗದದಲ್ಲಿ, ಅಂದರೆ ನೆಗೆಟಿವ್‌ನಲ್ಲಿ, ಕಡುಕಪ್ಪಾಗಿ, ಅದನ್ನು ತಿರುಗಿಸಿ ಪಡೆದ ನನ್ನ ಚಿತ್ರಗಳಲ್ಲಿ ಯಾವಾಗಲೂ ಬೋಳು ಬಿಳಿ. 1856ರಲ್ಲಿ ಕರ್ನಲ್ ಅಲೆಕ್ಸಾಂಡರ್ ಗ್ರೀನ್‌ಲಾ ಇದೇ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದಿದ್ದರು. ಆ ಕಾಗದಕ್ಕೂ ನೀಲಿಯೇ ಹೆಚ್ಚು ಕಾಣುತ್ತಿತ್ತು. ಆಕಾಶ ಉಳಿಸಲು ಬೆಳಕು ಕಡಿಮೆ ಕೊಟ್ಟರೆ ಕಲ್ಲಿನ ಕೆತ್ತನೆ ಹೋಗುತ್ತದೆ. ನಾನು ಪ್ರತಿ ಸಲ ಕಲ್ಲಿನ ಪಕ್ಷ.

ವಿರೂಪಾಕ್ಷ ದೇವಸ್ಥಾನದ ಒಳಗೆ ಗೋಪುರದ ತಲೆಕೆಳಗಾದ ಬಿಂಬ ಗೋಡೆಯ ಮೇಲೆ ಬೀಳುವ ಕತ್ತಲ ಜಾಗ ಇದೆಯಲ್ಲ, ಅದೂ ಪಿನ್‌ಹೋಲ್ ಕ್ಯಾಮೆರಾವೇ. ಹೊರಗೆ ಅದೇ ಗೋಪುರಕ್ಕೆ ನನ್ನ ಡಬ್ಬ ಹಿಡಿದರೆ ಬಿಸಿಲಿನಲ್ಲಿ ಅರ್ಧ ನಿಮಿಷ ಸರಿಯಾಗಿ ಸಾಕಾಗುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಡಬ್ಬವನ್ನು ಕಲ್ಲಿನ ಮೇಲಿಟ್ಟು ಮರಳಿನ ಚೀಲ ಹೇರುತ್ತೇನೆ. ತೂತಿಗೆ ಅಂಟಿಸಿದ ಕಪ್ಪು ಟೇಪು ಕೀಳುವಾಗ ಡಬ್ಬ ಅಲುಗುತ್ತದೆ; ಅದಕ್ಕೆ ಮುಂದೆ ರಟ್ಟು ಹಿಡಿದು, ಟೇಪು ಕಿತ್ತು, ಅಲುಗಾಟ ನಿಂತ ಮೇಲೆ ರಟ್ಟು ಸರಿಸುತ್ತೇನೆ. ನಡೆದಾಡುವ ಜನ ಚಿತ್ರದಲ್ಲಿ ಮೂಡುವುದಿಲ್ಲ. ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುವವರು ಮಾತ್ರ ಚೆನ್ನಾಗಿ ಮೂಡುತ್ತಾರೆ.

ಮೂಲೆಗಳ ಬಗ್ಗೆ ಒಂದು ಮಾತು. ನಾಲ್ಕು-ಐದು ಅಂಗುಲದ ಕಾಗದ ಚಪ್ಪಟೆಯಾಗಿ ಕೂತಿದ್ದರೆ ನನ್ನ ಡಬ್ಬದಲ್ಲಿ ಮೂಲೆಗೆ ತಲುಪುವುದು ನಡುವಿನ ಬೆಳಕಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಮುಖ್ಯ ವಸ್ತು ಅಂಚಿನಲ್ಲಿದ್ದರೆ ದುಪ್ಪಟ್ಟು ಹೊತ್ತು ಕೊಡಬೇಕು.

ಫಿಲ್ಮ್ ಹಾಕುವವರಿಗೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಒಂದು ಸೆಕೆಂಡು ದಾಟಿದ ಮೇಲೆ ಫಿಲ್ಮ್ ಸೋಮಾರಿಯಾಗುತ್ತದೆ, ಲೆಕ್ಕಕ್ಕಿಂತ ಹೆಚ್ಚು ಕೇಳುತ್ತದೆ. ಎಷ್ಟು ಹೆಚ್ಚು ಎಂಬುದು ಫಿಲ್ಮಿನಿಂದ ಫಿಲ್ಮಿಗೆ ಬೇರೆ. ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್‌ಗೆ ಲೆಕ್ಕ 10 ಸೆಕೆಂಡು ಬಂದರೆ ಕೊಡಬೇಕಾದದ್ದು ಸುಮಾರು 18. ಅದೇ 10 ಸೆಕೆಂಡಿಗೆ ಫೋಮಾಪಾನ್ 100 ಕೇಳುವುದು 80. ಲೆಕ್ಕ 100 ಸೆಕೆಂಡು ಬಂದರೆ 1600, ಅಂದರೆ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ. ಕಂಪನಿಯವರೇ ಕೊಡುವ ಈ ಕೋಷ್ಟಕ ನೋಡದೆ ನಾನು ಯಾವ ಫಿಲ್ಮನ್ನೂ ಡಬ್ಬಕ್ಕೆ ಹಾಕುವುದಿಲ್ಲ. ಕಾಗದದಲ್ಲಿ ಈ ಕಾಟ ಕಡಿಮೆ, ಬೆಲೆಯೂ ಕಡಿಮೆ.