ಬೇಸ್ ಅಳತೆ ಬೇರೆ ಬೇರೆಯಾದರೆ ಆಡುವುದು ಹೇಗೆ?

ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೋರಸ್ ಮತ್ತು ಅಲೆಕ್ಸಾಂಡರ್ ನಡುವೆ ನಡೆದ ಯುದ್ಧವನ್ನು ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಆಡಬೇಕು ಅಂದುಕೊಳ್ಳಿ. ಪೋರಸನ ಆನೆಗಳು ಕಾಸರಗೋಡಿನ ನಿಮ್ಮ ಮನೆಯಲ್ಲಿವೆ. ಅಲೆಕ್ಸಾಂಡರನ ಸೈನ್ಯ ಕುಂಬಳೆಯ ಗೆಳೆಯನದ್ದು. ನಿಮ್ಮ ಬೇಸ್, ಅಂದರೆ ಗೊಂಬೆಗಳನ್ನು ಅಂಟಿಸಿದ ಚಪ್ಪಟೆ ತುಂಡು, 40 ಮಿ.ಮೀ. ಅಗಲ, ಅವನದ್ದು 50. ಇಂಥ ಹೊತ್ತಿಗೆ ಅಂಟಿಸಿದ ಗೊಂಬೆಗಳನ್ನು ಕೀಳಲು ಹೋಗಬೇಡಿ. ಈಟಿ ಮುರಿಯುತ್ತದೆ, ಬಣ್ಣ ಏಳುತ್ತದೆ.

ಮೊದಲು ನಿಯಮ ನೋಡಿ. ಚೌಕಗಳ ಮೇಲೆ ಆಡುವ ಆಟವಾದರೆ ತುಕಡಿ ಚೌಕದೊಳಗೆ ಹಿಡಿಸಿದರೆ ಸಾಕು. ಡಿಬಿಎ ಎಂಬ ಪ್ರಾಚೀನ ಯುದ್ಧಗಳ ಆಟದ ನಿಯಮದಲ್ಲಿ ಹಾಗಲ್ಲ. ಅಲ್ಲಿ 15 ಮಿ.ಮೀ. ಎತ್ತರದ ಗೊಂಬೆಗೆ 40, 25-28 ಮಿ.ಮೀ. ಗೊಂಬೆಗೆ 60 ಮಿ.ಮೀ. ಅಗಲದ ಬೇಸ್. ಇಬ್ಬರದ್ದೂ 50 ಆಗಿದ್ದರೆ ಏನೂ ತೊಂದರೆಯಿಲ್ಲ, ದೂರವನ್ನು ಬೇಸಿನ ಅಗಲದಲ್ಲೇ ಅಳೆದರಾಯಿತು.

ಬೇರೆ ಬೇರೆ ಆದಾಗಲೇ ಕಷ್ಟ. ಡಿಬಿಎಯಲ್ಲಿ ಸೈನ್ಯಕ್ಕೆ 12 ಬೇಸ್. ಎಲ್ಲವನ್ನೂ ಸಾಲಾಗಿ ಇಟ್ಟರೆ ನಿಮ್ಮದು 480 ಮಿ.ಮೀ., ಅವನದ್ದು 600. ಅವನ ಸಾಲು ನಿಮ್ಮ ಪಕ್ಕವನ್ನು ದಾಟಿ ಚಾಚಿಕೊಳ್ಳುತ್ತದೆ. ಹಾಗೆ ಪಕ್ಕಕ್ಕೆ ಚಾಚಿದ ಬೇಸಿಗೆ ನಿಮ್ಮ ತುದಿಯ ಬೇಸಿನ ಕಾದಾಟದ ಅಂಕದಲ್ಲಿ ಒಂದು ಕಳೆಯಬೇಕು. ನಡುವಿನಲ್ಲಿ ಇದು ಉಲ್ಟಾ: ಅವನ ನಾಲ್ಕು ಬೇಸ್ ನಿಲ್ಲುವ 200 ಮಿ.ಮೀ. ಜಾಗದಲ್ಲಿ ನಿಮ್ಮ ಐದು ನಿಲ್ಲುತ್ತವೆ. ಮೂಲೆಗೆ ಮೂಲೆ ಕೂಡುವುದೂ ಇಲ್ಲ. ಆಮೇಲೆ ಆಟಕ್ಕಿಂತ ವಾದವೇ ಜಾಸ್ತಿ.

ಪರಿಹಾರ ಸುಲಭ. ದೊಡ್ಡ ಬೇಸನ್ನು ಹಾಗೇ ಬಿಡಿ, ಚಿಕ್ಕದಕ್ಕೆ ಅಡಿತಟ್ಟೆ ಮಾಡಿ. ಬೋರ್ಡ್ ಬರೆಯುವ ಅಂಗಡಿಯಲ್ಲಿ ಉಳಿದ 2-3 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ತುಂಡು ಕೇಳಿ. ನಮ್ಮ ಮಳೆಗಾಲಕ್ಕೆ ರಟ್ಟು ಬಾಗುತ್ತದೆ, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಉಬ್ಬುತ್ತದೆ. ಉಕ್ಕಿನ ಸ್ಕೇಲ್ ಒತ್ತಿಹಿಡಿದು, ಹೊಸ ಬ್ಲೇಡಿನಲ್ಲಿ ಎರಡು ಮೂರು ಸಲ ಎಳೆದು 50 ಮಿ.ಮೀ. ಅಗಲಕ್ಕೆ ಕತ್ತರಿಸಿ. ಬೇಸನ್ನು ನಟ್ಟನಡುವೆ ಇಡಿ, ಎರಡೂ ಬದಿ 5 ಮಿ.ಮೀ. ಉಳಿಯಲಿ. ಮುಂದಿನ ಅಂಚು ಮಾತ್ರ ತಟ್ಟೆಯ ಅಂಚಿಗೆ ಸರಿಯಾಗಿ ಕೂರಬೇಕು. ಜಾರದಂತೆ ತಡೆಪಟ್ಟಿ ಬೇಕಿದ್ದರೆ ಹಿಂದೆ ಮಾತ್ರ ಹಾಕಿ, ಬದಿಗೆ ಹಾಕಿದರೆ ಅಗಲ ಕೆಟ್ಟಿತು. ನನಗೆ ಇಷ್ಟ ಮ್ಯಾಗ್ನೆಟ್ ಶೀಟ್: ತಟ್ಟೆಯ ಮೇಲೆ ಅದು, ಬೇಸಿನ ಅಡಿಗೆ ತೆಳು ತಗಡು. ಕಡಲ ಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ, ಮೊದಲೇ ಪೈಂಟ್ ಹೊಡೆಯಿರಿ.

ಮೇಜನ್ನೂ ಅದೇ ಲೆಕ್ಕದಲ್ಲಿ ಹಿಗ್ಗಿಸಿ. 40ರ ಬೇಸಿಗೆ 600 ಮಿ.ಮೀ. ಚೌಕದಲ್ಲಿ ಆಡುತ್ತಿದ್ದರೆ, 50ಕ್ಕೆ 750.

ಬೇಸಿನ ಉದ್ದವನ್ನು, ಅಂದರೆ ಮುಂದಿನಿಂದ ಹಿಂದಕ್ಕಿರುವ ಅಳತೆಯನ್ನು, ತುಂಬಾ ಜನ ಮರೆಯುತ್ತಾರೆ. ಸೋತ ತುಕಡಿ ಹಿಮ್ಮೆಟ್ಟುವುದು ಅದರ ಪ್ರಕಾರವೇ ಅಲ್ವಾ? 15 ಮಿ.ಮೀ. ಗೊಂಬೆಗಳಲ್ಲಿ ಕುದುರೆಗೆ 30, ಆನೆಗೆ 40. ನಿಮ್ಮ ಬೇಸ್ ಬೇರೆ ಇದ್ದರೆ ಯಾವ ಅಳತೆ ಹಿಡಿಯಬೇಕು ಅಂತ ಆಟಕ್ಕೆ ಮೊದಲೇ ಇಬ್ಬರೂ ಒಪ್ಪಿ, ತಟ್ಟೆಯ ಅಡಿಯಲ್ಲಿ ಪೆನ್ನಿನಲ್ಲಿ ಬರೆದಿಡಿ. ಒಂಟಿ ಗೊಂಬೆಯ ಬೇಸುಗಳಿಗೂ ಇದೇ ಉಪಾಯ: 20 ಮಿ.ಮೀ.ನ ಮೂರನ್ನು ಒಂದೇ ತಟ್ಟೆಯ ಮೇಲೆ ಸೇರಿಸಿಟ್ಟರೆ 60 ಆಯಿತು.

ಕೊನೆಗೆ ತಟ್ಟೆಯ ಕಾಣುವ ಅಂಚಿಗೆ ಫೆವಿಕಾಲ್ ಸವರಿ, ಜರಡಿ ಹಿಡಿದ ಹೊಯ್ಗೆ ಉದುರಿಸಿ. ಝೇಲಂ ದಡಕ್ಕೆ ಚಂದ್ರಗಿರಿ ಹೊಳೆಯ ಹೊಯ್ಗೆ ಚೆನ್ನಾಗಿ ಒಪ್ಪುತ್ತದೆ. ನಮ್ಮ ಕೆಂಪುಕಲ್ಲಿನ ಪುಡಿ ಬೇಡ, ಅದರ ಬಣ್ಣ ಅಲ್ಲಿಗೆ ಹೊಂದುವುದಿಲ್ಲ.